ಸ್ತ್ರೀಯರ ಅರ್ಬುದರೋಗವೂ ಮಾಂಸಖಂಡದ ಸಾಕ್ಷ್ಯವೂ

ನಮ್ಮ ಶಾಸ್ತ್ರಕಾರರು ಸ್ಥಾಲೀಪುಲಾಕನ್ಯಾಯವೆಂಬ ಒಂದು ನ್ಯಾಯವನ್ನು ಹೇಳಿರುತ್ತಾರೆ. ಸ್ಥಾಲಿಯೆಂದರೆ ಗಡಿಗೆ, ಪುಲಾಕವೆಂದರೆ ಅಗುಳು. ಗಡಿಗೆಯಲ್ಲಿಯ ಅನ್ನ ಬೆಂದಿತೋ ಇಲ್ಲವೋ ಎಂಬದನ್ನು ತಿಳಿಯಲು ಅಡಿಗೆಯವಳು ಗಡಿಗೆಯನ್ನೆಲ್ಲ ಬರಿದುಮಾಡುವದಿಲ್ಲ. ಒಂದು ಅಗುಳನ್ನು ತೆಗೆದು ಬೆರಳುಗಳಲ್ಲಿ ಹಿಚುಕಿ ನೋಡುತ್ತಾಳೆ. ಆ ಒಂದಗುಳು ಉಳಿದ ಎಲ್ಲ ಅಗುಳುಗಳ ಪರವಾಗಿ ಸಾಕ್ಷಿ ನುಡಿಯುತ್ತದೆ. ಆದರೆ ಈ ನ್ಯಾಯಕ್ಕೂ ಒಂದು ಕಟ್ಟುಂಟು. ಗಡಿಗೆಗೆ ಉರಿಯು ಎಲ್ಲ ಕಡೆಗೂ ಸಮನಾಗಿ ತಾಕಿರಬೇಕು. ಒಂದು ಮಗ್ಗುಲಿಗೆ ಮಾತ್ರ ಉರಿ ಹತ್ತಿದ್ದರೆ, ನಡುವಿನ ಅಗುಳು ಬೆಂದಿದ್ದರೂ ಬದಿಯ ಅಗುಳು ಹಸಿಯಾಗಿಯೇ ಉಳಿದಿರುವದು.

ಹೆಂಗಸರ ಗರ್ಭಾಶಯ, ಅದರ ಕೊರಳಾದ ಗರ್ಭಕಂಠ, ಅಂಡಾಶಯ ಇವುಗಳಲ್ಲಿ ಅರ್ಬುದರೋಗವು ತಲೆದೋರಿರುವದೋ ಇಲ್ಲವೋ ಎಂಬದನ್ನು ಇಂದಿನ ವೈದ್ಯರು ನಿರ್ಣಯಿಸುವದೂ ಇದೇ ನ್ಯಾಯದಿಂದಲೇ. ಶರೀರದಿಂದ ಕಾಳಿನಷ್ಟು ಮಾಂಸವನ್ನು ತೆಗೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಆ ತುಣುಕಿನ ಸಾಕ್ಷ್ಯದ ಮೇಲೆ ಇಡಿಯ ಶರೀರದ ಬಗೆಗೆ ತೀರ್ಪು ಹೇಳುತ್ತಾರೆ. ಇದಕ್ಕೆ ಬಯಾಪ್ಸಿಯೆಂದು ಹೆಸರು. ರೋಣ, ನರಗುಂದ, ಗಜೇಂದ್ರಗಡಗಳ ಕಡೆಯ ಮನೆಗಳಲ್ಲಿ ಈ ಶಬ್ದವು ಈಗ ಅಪರಿಚಿತವಲ್ಲ. ಆದರೆ ದೇವರ ಮುಂದೆ ಹೂ ಕೇಳಿದಂತೆ ಬಯಾಪ್ಸಿಯಿಂದಲೂ ಒಂದೇ ಸಲಕ್ಕೆ ಹೌದು ಇಲ್ಲವೆ ಅಲ್ಲವೆಂಬ ಉತ್ತರವು ದೊರೆಯುವದೆಂದು ಬಹುಜನರು ತಿಳಿದಿರುತ್ತಾರೆ. ಹಾಗಲ್ಲವೆಂಬದನ್ನೂ, ಆ ತುಣುಕು ನಿಜವನ್ನು ನುಡಿಯಬೇಕಾದರೆ ಮನೆಯವರ ಪಾಲೂ ಅದರಲ್ಲಿರುವದೆಂಬದನ್ನೂ ವಾಚಕರ ಮುಂದಿಡುವದೇ ನಮ್ಮ ಈ ಲೇಖನದ ಉದ್ದೇಶವು.

ತುಣುಕು ಏಕೆ ಬೇಕು?

ವಿಷಯವು ಅಲ್ಪವಾದುದಲ್ಲ. ೨೦೨೨ನೆಯ ಇಸವಿಯೊಂದರಲ್ಲಿಯೇ ಭಾರತದ ಸುಮಾರು ೧,೨೭,೦೦೦ ಹೆಂಗಸರಲ್ಲಿ ಗರ್ಭಕಂಠದ ಅರ್ಬುದವು ಹೊಸದಾಗಿ ಕಂಡುಬಂದಿತೆಂದೂ, ಸುಮಾರು ೮೦,೦೦೦ ಹೆಂಗಸರು ಅದರಿಂದ ಮೃತರಾದರೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನ ಶಾಖೆಯು ಅಂದಾಜು ಮಾಡಿದೆ. ಅದೇ ವರ್ಷ ಅಂಡಾಶಯದ ಅರ್ಬುದಕ್ಕೆ ಗುರಿಯಾದವರು ಸುಮಾರು ೪೭,೦೦೦ ಜನರು. ಈ ರೋಗಗಳು ಬೇಗ ಗೊತ್ತಾದರೆ ಗುಣವಾಗುವ ಆಸೆ ಹೆಚ್ಚು, ತಡವಾದರೆ ಕಡಿಮೆ. ಮುಟ್ಟಿನ ದಿನಗಳ ಹೊರತಾಗಿ ರಕ್ತ ಹೋಗುವದು, ದಾಂಪತ್ಯಸಂಪರ್ಕದ ನಂತರ ರಕ್ತ ಕಾಣುವದು, ದುರ್ಗಂಧದ ಬಿಳಿಸೆರಗು, ಕಾರಣವಿಲ್ಲದೆ ಹೊಟ್ಟೆ ಉಬ್ಬುತ್ತ ಹೋಗುವದು ಇವೆಲ್ಲ ಎಚ್ಚರಿಕೆಯ ಚಿಹ್ನಗಳು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ಹಿರಿಯ ಹೆಂಗಸರು ಮುಟ್ಟೇ ಮರಳಿ ಬಂದಿತೆಂದು ಸುಮ್ಮನಿದ್ದುಬಿಡುತ್ತಾರೆ. ಅದು ಮುಟ್ಟಲ್ಲ, ತಡಮಾಡದೆ ವೈದ್ಯರಿಗೆ ತೋರಿಸಬೇಕಾದ ಸಂಗತಿಯು.

ನಮ್ಮ ಪ್ರಾಚೀನ ವೈದ್ಯರಿಗೂ ಈ ರೋಗವು ತಿಳಿಯದ್ದೇನಲ್ಲ. ಅರ್ಬುದವೆಂಬ ಶಬ್ದವೇ ಸುಶ್ರುತ ಸಂಹಿತೆಯಲ್ಲಿ ಇರುವದು. ಉಳಿದ ಬಾವುಗಳಂತೆ ಅದು ಕೀವುಗಟ್ಟುವದಿಲ್ಲವೆಂಬ ಲಕ್ಷಣವನ್ನೂ ಅಲ್ಲಿ ಹೇಳಿದೆ. ಆದರೆ ನೋಡಿ, ಮುಟ್ಟಿ, ಪ್ರಶ್ನೆ ಕೇಳಿ ತಿಳಿಯುವದೇ ಅವರ ಪರೀಕ್ಷೆಯಾಗಿದ್ದಿತು. ಶರೀರದ ಒಳಗಿನ ಜೀವಕೋಶಗಳನ್ನು ಕಾಣುವ ಸಾಧನವು ಅವರಿಗಿರಲಿಲ್ಲ. ಬಾಬಾಸಾಹೇಬನ ಬಂಡಾಯದಿಂದಾಗಿ ೧೮೫೮ನೆಯ ಇಸವಿಯು ನರಗುಂದದ ಹುಡುಗರಿಗೆಲ್ಲ ಬಾಯಿಪಾಠವಾಗಿರುವದಷ್ಟೆ. ಅದೇ ೧೮೫೮ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋ ಎಂಬ ಪಂಡಿತನು ರೋಗಗಳ ಮೂಲವನ್ನು ಜೀವಕೋಶಗಳಲ್ಲಿಯೇ ಹುಡುಕಬೇಕೆಂದು ಪ್ರತಿಪಾದಿಸುವ ತನ್ನ ಗ್ರಂಥವನ್ನು ಪ್ರಕಟಿಸಿದನು. ಮುಂದೆ ೧೮೭೦ರ ದಶಕದಲ್ಲಿ ಬರ್ಲಿನ್ನಿನ ಕಾರ್ಲ್ ರೂಗೆ ಮತ್ತು ಯೋಹಾನ್ ಫೈಟ್ ಎಂಬವರು ಗರ್ಭಕಂಠದ ತುಣುಕನ್ನು ತೆಗೆದು ಪರೀಕ್ಷಿಸಿ ಅರ್ಬುದವನ್ನು ನಿರ್ಣಯಿಸುವ ಪದ್ಧತಿಯನ್ನು ರೂಢಿಗೆ ತಂದರು. ಗ್ರೀಸಿನಲ್ಲಿ ಹುಟ್ಟಿ ಅಮೇರಿಕೆಯಲ್ಲಿ ನೆಲಸಿದ ಜಾರ್ಜ್ ಪಾಪನಿಕೋಲಾ ಎಂಬವನು ಕೇವಲ ದ್ರವವನ್ನು ಗಾಜಿಗೆ ಸವರಿ ಅದರಲ್ಲಿ ಉದುರಿದ ಜೀವಕೋಶಗಳನ್ನು ನೋಡುವ ಉಪಾಯವನ್ನು ೧೯೨೮ರಲ್ಲಿ ಸೂಚಿಸಿದನು. ೧೯೪೩ರಲ್ಲಿ ಅದರ ಗ್ರಂಥವು ಹೊರಬಿದ್ದಿತು. ಇಂದು ಪ್ಯಾಪ್ ಪರೀಕ್ಷೆಯೆಂದು ಹೆಸರಾದುದು ಇದೇ. ಆದರೆ ಅದು ಸಂಶಯವನ್ನು ಎತ್ತಿ ತೋರಿಸುವದೇ ಹೊರತು ತೀರ್ಪನ್ನು ಹೇಳುವದಿಲ್ಲ. ತೀರ್ಪಿಗೆ ಮಾಂಸದ ತುಣುಕೇ ಬೇಕು.

ಸ್ಕ್ಯಾನಿನಲ್ಲಿ ಗಡ್ಡೆ ಕಾಣುವದಲ್ಲ, ರಕ್ತಪರೀಕ್ಷೆಯಲ್ಲಿ ಅಂಕೆ ಏರಿರುವದಲ್ಲ, ಅಷ್ಟು ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ನಮ್ಮ ದೇಶದಲ್ಲಿ ಇದಕ್ಕೆ ಒಂದು ವಿಶೇಷ ಕಾರಣವೂ ಉಂಟು. ಹೊಟ್ಟೆಯೊಳಗಿನ ಕ್ಷಯರೋಗವು ಅಂಡಾಶಯದ ಅರ್ಬುದದ ವೇಷವನ್ನು ಹಾಕಿಕೊಂಡು ಬರಬಲ್ಲದು. ಹೊಟ್ಟೆಯಲ್ಲಿ ನೀರು ತುಂಬುವದು, ಮೈ ಸೊರಗುವದು, ಸ್ಕ್ಯಾನಿನಲ್ಲಿ ಗಡ್ಡೆಯಂತೆ ಕಾಣುವದು, ಸಿ.ಎ. ೧೨೫ ಎಂಬ ರಕ್ತಪರೀಕ್ಷೆಯ ಅಂಕೆಯು ಏರುವದು ಇವೆಲ್ಲ ಎರಡರಲ್ಲಿಯೂ ಆಗುವವು. ಕ್ಷಯವಾದರೆ ಸುಮಾರು ಆರು ತಿಂಗಳ ಗುಳಿಗೆಗಳಿಂದ ಗುಣವಾಗತಕ್ಕದ್ದು. ಅರ್ಬುದವಾದರೆ ದೊಡ್ಡ ಶಸ್ತ್ರಕ್ರಿಯೆಯೂ ಉಗ್ರವಾದ ಔಷಧಗಳೂ ಬೇಕು. ಇವೆರಡರ ವೇಷವನ್ನು ಕಳಚಿ ತೋರಿಸುವದು ಆ ಸಣ್ಣ ತುಣುಕೇ. ಒಂದು ಮನೆಯ ಬಾಳು ಅದರ ಮೇಲೆ ನಿಂತಿರುವದೆಂದರೆ ಅತಿಶಯೋಕ್ತಿಯಾಗದು.

ತುಣುಕು ಗಾಜಿನ ಮೇಲೆ ಬರುವ ಬಗೆ

ಶರೀರದಿಂದ ಬೇರೆಯಾದ ಮಾಂಸವು ಕ್ಷಣಕ್ಷಣಕ್ಕೆ ಕೆಡತೊಡಗುತ್ತದೆ. ಅದು ಕೆಡದಂತೆ ಮೊದಲು ಫಾರ್ಮಲಿನ್ನಿನಲ್ಲಿ ಅದ್ದಿಡಬೇಕು. ಈ ದ್ರಾವಣದ ಉಪಯೋಗವನ್ನು ೧೮೯೩ರಲ್ಲಿ ಫರ್ಡಿನಾಂಡ್ ಬ್ಲೂಮ್ ಎಂಬವನು ಕಂಡುಹಿಡಿದನು. ಬಳಿಕ ತುಣುಕಿನೊಳಗಿನ ನೀರನ್ನು ಮದ್ಯಸಾರದಿಂದ ಹಿಂಗಿಸಿ, ಕರಗಿದ ಮೇಣವನ್ನು ಅದರೊಳಗೆ ಇಳಿಸಿ, ಮೇಣದ ಸಣ್ಣ ಇಟ್ಟಿಗೆಯನ್ನು ಮಾಡುತ್ತಾರೆ. ಇದಕ್ಕೆ ಬ್ಲಾಕ್ ಎನ್ನುವರು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅಂಥ ಮೂರು ನಾಲ್ಕು ಪಾಲಿನಷ್ಟು ತೆಳ್ಳಗೆ ಆ ಇಟ್ಟಿಗೆಯನ್ನು ಹೆರೆದು, ಹೆರೆದ ಪೊರೆಯನ್ನು ಸ್ಲೈಡ್ ಎಂಬ ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಕೊಡುತ್ತಾರೆ.

ಈ ಬಣ್ಣದ ಸಂಗತಿಯು ಗಜೇಂದ್ರಗಡದ ನೇಕಾರರಿಗೆ ವಿನೋದವೆನಿಸಬಹುದು. ಜೀವಕೋಶದ ತಿರುಳಿಗೆ ನೀಲಿಯನ್ನು ಕೊಡುವ ಹಿಮಾಟಾಕ್ಸಿಲಿನ್ ಎಂಬ ಬಣ್ಣವು ಮಧ್ಯ ಅಮೇರಿಕೆಯ ಒಂದು ಮರದ ಚೇಗಿನಿಂದ ತೆಗೆದುದು. ಅದು ಮೊದಲು ಬಟ್ಟೆಗೆ ಹಾಕುವ ಬಣ್ಣವಾಗಿಯೇ ಯುರೋಪಕ್ಕೆ ಬಂದಿತು. ನೂಲಿಗೆ ಬಣ್ಣ ಕಚ್ಚಲೆಂದು ಬಣ್ಣಗಾರರು ಪಟಿಕವನ್ನು ಕೂಡಿಸುವಂತೆ, ಇಲ್ಲಿಯೂ ಬಣ್ಣವು ಜೀವಕೋಶಕ್ಕೆ ಕಚ್ಚಲೆಂದು ಪಟಿಕದ ಜಾತಿಯ ಲವಣವನ್ನೇ ಕೂಡಿಸುತ್ತಾರೆ. ನೂಲು ಸರಿಯಾಗಿ ತೊಳೆದಿರದಿದ್ದರೆ ಬಣ್ಣವು ಹೇಗೆ ಮಚ್ಚೆಮಚ್ಚೆಯಾಗುವದೋ, ತುಣುಕು ಸರಿಯಾಗಿ ಕಾಪಾಡಲ್ಪಟ್ಟಿರದಿದ್ದರೆ ಇಲ್ಲಿಯೂ ಹಾಗೆಯೇ ಆಗುವದು. ನೋಡುವವರು ಎಷ್ಟೇ ಜಾಣರಿದ್ದರೂ ಕೆಟ್ಟ ಪೊರೆಯಲ್ಲಿ ಅವರಿಗೆ ಏನೂ ಕಾಣಲಾರದು.

ಮೊದಲನೆಯ ತೊಡಕು: ದಾರಿ

ತಾಲೂಕಿನ ಊರುಗಳಲ್ಲಿ ರಕ್ತ, ಮೂತ್ರಗಳ ಪರೀಕ್ಷೆಗಳು ನಡೆಯುವವು. ಮಾಂಸಖಂಡದ ಪರೀಕ್ಷೆಗೆ ಮಾತ್ರ ಸಾಮಾನ್ಯವಾಗಿ ಗದಗಕ್ಕೋ ಹುಬ್ಬಳ್ಳಿ ಧಾರವಾಡಗಳಿಗೋ ಕಳುಹಬೇಕಾಗುತ್ತದೆ. ಹುಬ್ಬಳ್ಳಿಯಲ್ಲಿ, ಜನರು ಕಿಮ್ಸ್ ಎಂದು ಕರೆಯುತ್ತ ಬಂದಿರುವ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವು ೧೯೫೭ರಲ್ಲಿ ಆರಂಭವಾಯಿತು. ಅದೇ ಊರಿನ ನವನಗರದಲ್ಲಿ ಕ್ಯಾನ್ಸರಿಗಾಗಿಯೇ ಮೀಸಲಾದ ಆಸ್ಪತ್ರೆಯೂ ಇದೆ. ಗದಗದಲ್ಲಿ ವೈದ್ಯಕೀಯ ಮಹಾವಿದ್ಯಾಲಯವು ೨೦೧೫ರಲ್ಲಿ ಆರಂಭವಾದುದರಿಂದ ನಮ್ಮ ಕಡೆಯ ದಾರಿ ಎಷ್ಟೋ ಮೊಟಕಾಗಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು ೧೯೭೩ರಿಂದ ಇರುವದು. ಅಂದ ಮೇಲೆ ಪರೀಕ್ಷೆ ಮಾಡುವವರು ಇಲ್ಲವೆಂದಲ್ಲ. ಶರೀರದಿಂದ ಅವರ ಮೇಜಿನ ವರೆಗಿನ ದಾರಿಯಲ್ಲಿಯೇ ತುಣುಕು ಕೆಡುವ ಸಂಭವವು ಹೆಚ್ಚು.

ಎಷ್ಟೋ ಸಲ ಖಾಸಗಿ ದವಾಖಾನೆಗಳಲ್ಲಿ ತುಣುಕಿನ ಸೀಸೆಯನ್ನು ರೋಗಿಯ ತಮ್ಮನ ಕೈಯಲ್ಲಿಯೋ ಮಗನ ಕೈಯಲ್ಲಿಯೋ ಕೊಟ್ಟು ಕಳುಹುವ ರೂಢಿಯಿದೆ. ಆಗ ಆ ಹುಡುಗನು ಕೇವಲ ಸಾಮಾನು ಒಯ್ಯುವವನಲ್ಲ. ಸಾಕ್ಷಿಯನ್ನು ನ್ಯಾಯಾಲಯಕ್ಕೆ ಮುಟ್ಟಿಸುವ ಹೊಣೆಗಾರನು. ಸೀಸೆಯಲ್ಲಿ ತುಣುಕಿನ ಹತ್ತುಪಟ್ಟಿನಷ್ಟು ಫಾರ್ಮಲಿನ್ ಇರಬೇಕು. ಉಪ್ಪುನೀರಿನ ಸಲೈನು ಅದರ ಬದಲಿಗೆ ನಡೆಯದು; ಅದರಲ್ಲಿಟ್ಟ ಮಾಂಸವು ನಮ್ಮ ಬಯಲುಸೀಮೆಯ ಬೇಸಗೆಯಲ್ಲಿ ಕೆಲವೇ ತಾಸುಗಳಲ್ಲಿ ಕೊಳೆಯತೊಡಗುವದು. ಬಟ್ಟೆಯ ಮೇಲೆ ಒಣಗಿದ ತುಣುಕೂ ನಿರುಪಯೋಗಿಯೇ. ತೆಗೆದ ಗರ್ಭಾಶಯವು ಇಡಿಯಾಗಿದ್ದರೆ ಅದನ್ನು ಸೀಳಿ ಇಡದ ಹೊರತು ದ್ರಾವಣವು ಒಳಗೆ ಇಳಿಯದು. ಅದು ಇಳಿಯುವ ವೇಗವು ತಾಸಿಗೆ ಸುಮಾರು ಒಂದು ಮಿಲಿಮೀಟರು ಮಾತ್ರ. ಹೊರಗೆ ಗಟ್ಟಿಯಾಗಿ ಕಂಡ ಅವಯವವು ಒಳಗೆ ಕೊಳೆತುಹೋಗಿರುವದು. ರೋಗವೋ ಬಹುಶಃ ಆ ಒಳಗೇ ಇರತಕ್ಕದ್ದು. ಸೀಸೆಯ ಮೇಲೆ ಹೆಸರು ಇಲ್ಲದಿದ್ದರಂತೂ ಒಬ್ಬಳ ರೋಗವನ್ನು ಇನ್ನೊಬ್ಬಳ ತಲೆಗೆ ಕಟ್ಟಿದಂತಾದೀತು. ಹೆಸರನ್ನು ಮುಚ್ಚಳದ ಮೇಲೆ ಬರೆದರೆ ಸಾಲದು, ಮುಚ್ಚಳಗಳು ಅದಲುಬದಲಾಗಬಹುದು. ಸೀಸೆಯ ಮೈಮೇಲೆಯೇ ಬರೆದಿರಬೇಕು.

ಎರಡನೆಯ ತೊಡಕು: ಯಾವ ಅಗುಳು?

ಇನ್ನು ತುಣುಕನ್ನು ಎಲ್ಲಿಂದ ತೆಗೆದರೆಂಬದೇ ಮುಖ್ಯ ಪ್ರಶ್ನೆಯು. ಗರ್ಭಾಶಯದ ಒಳಗೋಡೆಯನ್ನು ಕೆರೆದು ತೆಗೆಯುವ ಕ್ರಿಯೆಗೆ ನಮ್ಮಲ್ಲಿ ಕ್ಯುರೆಟಿಂಗ್ ಎನ್ನುತ್ತಾರೆ. ವೈದ್ಯರು ಇದನ್ನು ಕಣ್ಣಿನಿಂದ ನೋಡಿ ಮಾಡುವದಲ್ಲ. ಕೈಯ ಅಂದಾಜಿನಿಂದ ಮಾಡುವದು. ಹೀಗೆ ಕೆರೆದ ನಂತರ ಗರ್ಭಾಶಯವನ್ನೇ ತೆಗೆದು ಪರೀಕ್ಷಿಸಿದ ಒಂದು ಅಧ್ಯಯನವು ೧೯೭೫ರಲ್ಲಿ ಪ್ರಕಟವಾಯಿತು. ನೂರಕ್ಕೆ ೬೦ರಷ್ಟು ಹೆಂಗಸರಲ್ಲಿ ಒಳಗೋಡೆಯ ಅರ್ಧದಷ್ಟು ಭಾಗಕ್ಕೂ ಸಲಕರಣೆಯು ತಾಕಿರಲಿಲ್ಲವೆಂದು ಅದರಲ್ಲಿ ಕಂಡುಬಂದಿತು. ತಾಕದೆ ಉಳಿದ ಮೂಲೆಯಲ್ಲಿ ರೋಗವಿದ್ದರೆ ತುಣುಕು ಪಾಪ ಏನು ಹೇಳೀತು? ಇಂದು ಗರ್ಭಾಶಯದೊಳಗೆ ಸಣ್ಣ ದೀಪದ ನಳಿಗೆಯನ್ನಿಳಿಸಿ, ಸಂಶಯದ ಜಾಗವನ್ನು ಕಂಡು ತುಣುಕು ತೆಗೆಯುವ ಅನುಕೂಲವು ದೊಡ್ಡ ಆಸ್ಪತ್ರೆಗಳಲ್ಲಿರುವದು.

ಅಂಡಾಶಯದ ಗಡ್ಡೆಗಳದು ಇನ್ನೊಂದು ಬಗೆ. ಕೆಲವು ಗಡ್ಡೆಗಳು ಕುಂಬಳಕಾಯಿಯಷ್ಟು ಬೆಳೆಯುತ್ತವೆ. ಅಂಥ ಒಂದೇ ಗಡ್ಡೆಯಲ್ಲಿ ಒಂದು ಮಗ್ಗುಲು ನಿರುಪದ್ರವಿ, ಇನ್ನೊಂದು ಮಗ್ಗುಲು ಎರಡರ ನಡುವಿನದು, ಮತ್ತೊಂದು ಮೂಲೆಯು ಅರ್ಬುದ ಹೀಗೆ ಮೂರೂ ಇರಬಹುದು. ಆದುದರಿಂದ ಗಡ್ಡೆಯ ಅಗಲದ ಪ್ರತಿ ಸೆಂಟಿಮೀಟರಿಗೆ ಒಂದರಂತೆಯಾದರೂ ತುಣುಕು ತೆಗೆದು ನೋಡಬೇಕೆಂಬ ನಿಯಮವನ್ನು ಈ ಶಾಸ್ತ್ರಜ್ಞರು ಇಟ್ಟುಕೊಂಡಿದ್ದಾರೆ. ಶಸ್ತ್ರಕ್ರಿಯೆಯು ನಡೆದಿರುವಾಗಲೇ ಒಂದು ತುಣುಕನ್ನು ಹೆಪ್ಪುಗಟ್ಟಿಸಿ ಹೆರೆದು ಹತ್ತಿಪ್ಪತ್ತು ನಿಮಿಷಗಳಲ್ಲಿ ಉತ್ತರ ಹೇಳುವ ಪದ್ಧತಿಯೂ ಉಂಟು. ಆದರೆ ಆ ಅವಸರದಲ್ಲಿ ನೋಡಲಾಗುವದು ಒಂದೆರಡು ತುಣುಕುಗಳನ್ನು ಮಾತ್ರ. ಆದಕಾರಣ ಆ ದಿನದ ಉತ್ತರಕ್ಕೂ ವಾರದ ನಂತರದ ಉತ್ತರಕ್ಕೂ ಕೆಲವೊಮ್ಮೆ ಅಂತರ ಬೀಳುವದು. ಇದನ್ನು ವೈದ್ಯರ ಮೋಸವೆಂದು ಜಗಳಕ್ಕೆ ನಿಲ್ಲುವದು ಸರಿಯಲ್ಲ.

ಮೀಮಾಂಸಕರೂ ವೇದಾಂತಿಗಳೂ ಅನುಪಲಬ್ಧಿಯೆಂಬ ಒಂದು ಪ್ರಮಾಣವನ್ನು ಒಪ್ಪುತ್ತಾರೆ. ವಸ್ತುವು ಕಾಣದಿರುವದರಿಂದಲೇ ಅದು ಇಲ್ಲವೆಂದು ತಿಳಿಯುವದು ಎಂದು ಅದರ ಅರ್ಥವು. ಆದರೆ ಅವರು ಅದಕ್ಕೆ ಯೋಗ್ಯವೆಂಬ ವಿಶೇಷಣವನ್ನು ಹಚ್ಚುತ್ತಾರೆ. ಬೆಳಕಿರುವ ಕೋಣೆಯಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲವೆಂದು ಹೇಳಬಹುದು. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಹಾಗೆ ಹೇಳಲಾಗದು. ಇದ್ದಿದ್ದರೆ ಕಾಣಲೇಬೇಕಾಗಿದ್ದ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಪ್ರಮಾಣವು. ಬಯಾಪ್ಸಿಯ ಕಾಗದದಲ್ಲಿ ಕ್ಯಾನ್ಸರ್ ಕಂಡುಬಂದಿಲ್ಲವೆಂದು ಬರೆದಿದ್ದರೆ ಅದನ್ನೂ ಹೀಗೆಯೇ ಓದಬೇಕು. ಈ ತುಣುಕಿನಲ್ಲಿ ಕಾಣಲಿಲ್ಲವೆಂಬುದೇ ಅದರ ಅರ್ಥ. ತುಣುಕು ಸಾಕಷ್ಟಿತ್ತೇ, ಸರಿಯಾದ ಜಾಗದ್ದಾಗಿತ್ತೇ ಎಂಬದನ್ನು ಕೇಳಬೇಕು. ರಕ್ತ ಹೋಗುವದು ಇನ್ನೂ ನಿಲ್ಲದಿದ್ದರೆ, ಕಾಗದವನ್ನು ನಂಬಿ ಮನೆಯಲ್ಲಿ ಕೂಡದೆ ಮತ್ತೆ ವೈದ್ಯರಲ್ಲಿಗೆ ಹೋಗಲೇಬೇಕು.

ಮೂರನೆಯ ತೊಡಕು: ಹೋಲಿಕೆ

ತುಣುಕು ಒಳ್ಳೆಯದಿದ್ದು, ಜಾಗವೂ ಸರಿಯಿದ್ದರೂ, ಕಂಡುದನ್ನು ಏನೆಂದು ಕರೆಯಬೇಕೆಂಬ ತೊಡಕು ಉಳಿದೇ ಇರುವದು. ಹಗಲು ಮುಗಿದು ರಾತ್ರಿಯಾದುದನ್ನು ಎಲ್ಲರೂ ಬಲ್ಲರು; ಮುಗಿದ ಗಳಿಗೆ ಯಾವದೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುವರು. ಗರ್ಭಾಶಯದ ಒಳಪೊರೆಯು ದಪ್ಪವಾಗಿ, ಜೀವಕೋಶಗಳು ವಿಕಾರವನ್ನು ತಾಳಿ, ಇನ್ನೂ ಅರ್ಬುದವಾಗದೆ ನಿಂತ ಒಂದು ಸ್ಥಿತಿಯುಂಟು. ಅಮೇರಿಕೆಯಲ್ಲಿ ಹೀಗೆಂದು ನಿರ್ಣಯ ಪಡೆದ ೨೮೯ ಹೆಂಗಸರ ಗರ್ಭಾಶಯಗಳನ್ನು ತೆಗೆದು ನೋಡಿದಾಗ ಅವರಲ್ಲಿ ೧೨೩ ಜನರಲ್ಲಿ ಅದಾಗಲೇ ಅರ್ಬುದವಿದ್ದಿತೆಂದು ೨೦೦೬ರಲ್ಲಿ ಪ್ರಕಟವಾಯಿತು. ಅದೇ ತುಣುಕುಗಳನ್ನು ನುರಿತ ತಜ್ಞರ ಮಂಡಲವೊಂದು ಮರಳಿ ನೋಡಿದಾಗ ಮೊದಲಿನ ನಿರ್ಣಯಕ್ಕೆ ಅವರು ಒಪ್ಪಿದುದು ನೂರಕ್ಕೆ ೪೦ರಷ್ಟು ಸಲ ಮಾತ್ರ. ಕೆಲವನ್ನು ಅವರು ಅದಕ್ಕಿಂತ ಸೌಮ್ಯವೆಂದರು; ಕೆಲವನ್ನು ಅರ್ಬುದವೇ ಎಂದರು. ವಿದ್ಯೆಯಲ್ಲಿ ಹಿಂದುಳಿದ ದೇಶದ ಮಾತಲ್ಲ ಇದು.

ಇನ್ನೊಂದು ಉದಾಹರಣೆಯು ಜಗತ್ಪ್ರಸಿದ್ಧವಾದುದು. ೧೯೫೧ರಲ್ಲಿ ಅಮೇರಿಕೆಯ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬವಳ ಗರ್ಭಕಂಠದಿಂದ ತೆಗೆದ ಜೀವಕೋಶಗಳು ಪ್ರಯೋಗಶಾಲೆಗಳಲ್ಲಿ ಇಂದಿಗೂ ಬೆಳೆಯುತ್ತಲೇ ಇವೆ. ಆ ತಾಯಿ ಅದೇ ವರ್ಷ ತೀರಿಕೊಂಡಳು. ಅವಳದು ಗರ್ಭಕಂಠದ ಮೇಲ್ಪೊರೆಯಿಂದ ಹುಟ್ಟಿದ ಅರ್ಬುದವೆಂದು ಅಂದು ನಿರ್ಣಯಿಸಿದ್ದರು. ಸುಮಾರು ಇಪ್ಪತ್ತು ವರ್ಷಗಳ ತರುವಾಯ ಅದೇ ಸ್ಲೈಡುಗಳನ್ನು ಮರಳಿ ನೋಡಿದಾಗ, ಅದು ಗ್ರಂಥಿಗಳಿಂದ ಹುಟ್ಟಿದ ಬೇರೊಂದು ಜಾತಿಯ ಅರ್ಬುದವೆಂದು ಗೊತ್ತಾಯಿತು. ಅಂದಿನ ದಿನಗಳಲ್ಲಿ ಎರಡಕ್ಕೂ ಚಿಕಿತ್ಸೆ ಒಂದೇ ಆಗಿದ್ದುದರಿಂದ ಪರಿಣಾಮವು ಬದಲಾಗುತ್ತಿರಲಿಲ್ಲ. ಇಂದು ಹಾಗಲ್ಲ. ತುಣುಕಿನಲ್ಲಿ ಗ್ರಂಥಿಯ ಅರ್ಬುದವು ಕಂಡರೆ ಅದು ಗರ್ಭಕಂಠದ್ದೋ ಗರ್ಭಾಶಯದ ಒಳಗಿನದೋ ಎಂಬದನ್ನು ಬಿಡಿಸಬೇಕು. ಯಾಕಂದರೆ ಎರಡರ ಶಸ್ತ್ರಕ್ರಿಯೆಯೂ ಕಿರಣಚಿಕಿತ್ಸೆಯೂ ಬೇರೆ ಬೇರೆ.

ಊರು ಒಂದು, ಬೇರು ಇನ್ನೊಂದು ಆಗುವದೂ ಉಂಟು. ೧೮೯೬ರಲ್ಲಿ ಫ್ರೆಡ್ರಿಕ್ ಕ್ರುಕೆನ್‌ಬರ್ಗ್ ಎಂಬ ಜರ್ಮನ್ ವೈದ್ಯನು ಅಂಡಾಶಯದ ಹೊಸ ಜಾತಿಯ ಗಡ್ಡೆಯೊಂದನ್ನು ವರ್ಣಿಸಿದನು. ಅದು ಅಂಡಾಶಯದಲ್ಲಿಯೇ ಹುಟ್ಟಿದ್ದೆಂದು ಅವನ ಭಾವನೆ. ಕೆಲವೇ ವರ್ಷಗಳಲ್ಲಿ ಅದು ಬಹುತರವಾಗಿ ಜಠರದಲ್ಲಿ ಹುಟ್ಟಿ ಅಂಡಾಶಯಕ್ಕೆ ಬಂದು ನೆಲಸಿದ ಅರ್ಬುದವೆಂದು ಸಿದ್ಧವಾಯಿತು. ಇಂದಿಗೂ ಆ ಗಡ್ಡೆಗೆ ಅವನ ಹೆಸರೇ ಇದೆ.

ಇಂಥ ಹೋಲಿಕೆಗಳನ್ನು ಬಿಡಿಸಲು ಈಗ ಇನ್ನೊಂದು ಉಪಾಯವು ಬಂದಿದೆ. ಒಂದೊಂದು ಜಾತಿಯ ಜೀವಕೋಶದಲ್ಲಿ ಒಂದೊಂದು ವಿಶಿಷ್ಟ ಪದಾರ್ಥವಿರುವದು. ಅದಕ್ಕೆ ಮಾತ್ರ ಅಂಟಿಕೊಳ್ಳುವ ದ್ರವವನ್ನು ಹಾಕಿದರೆ ಆ ಜೀವಕೋಶಗಳು ಕಂದುಬಣ್ಣವನ್ನು ತಾಳುತ್ತವೆ. ಗರ್ಭಕಂಠದ ಅರ್ಬುದಕ್ಕೆ ಬಹುತರವಾಗಿ ಕಾರಣವಾದ ಎಚ್.ಪಿ.ವಿ. ಎಂಬ ವಿಷಾಣುವಿನ ಗುರುತನ್ನು ಕೂಡ ಹೀಗೆ ಹಿಡಿಯಬಹುದು. ಈ ವಿಷಾಣುವಿನ ಸಂಬಂಧವನ್ನು ತೋರಿಸಿಕೊಟ್ಟ ಹರಾಲ್ಡ್ ಜುರ್ ಹೌಸನ್ ಎಂಬವನಿಗೆ ೨೦೦೮ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಆದರೆ ಈ ಪರೀಕ್ಷೆಗಳಿಗೆ ವೆಚ್ಚವೂ ಹೆಚ್ಚು, ದಿನಗಳೂ ಹೆಚ್ಚು. ಕಾಗದ ಬರುವದು ತಡವಾಯಿತೆಂದರೆ ಅಲಕ್ಷ್ಯವೇ ಆಯಿತೆಂದು ತಿಳಿಯಬಾರದು. ಇನ್ನೊಂದು ಪರೀಕ್ಷೆ ಬೇಕೆಂದು ಪೆಥಾಲಜಿಯ ವೈದ್ಯರು ಕೇಳಿದರೆ ಅದು ಅವರ ಎಚ್ಚರದ ಗುರುತು.

ನಾಲ್ಕನೆಯ ತೊಡಕು: ಹೇಳದ ಮಾತು

ತುಣುಕನ್ನು ನೋಡುವ ವೈದ್ಯರು ರೋಗಿಯನ್ನು ಕಾಣುವದಿಲ್ಲ. ಅವಳ ವಯಸ್ಸೆಷ್ಟು, ಕೊನೆಯ ಮುಟ್ಟು ಎಂದಾಯಿತು, ಬಸುರಿಯೇ, ಮುಟ್ಟನ್ನು ಮುಂದೂಡುವ ಗುಳಿಗೆ ನುಂಗಿದ್ದಳೇ, ಹಿಂದೆ ಶಸ್ತ್ರಕ್ರಿಯೆಯಾಗಿತ್ತೇ ಎಂಬುದೆಲ್ಲ ತುಣುಕಿನ ಸಂಗಡ ಹೋಗುವ ಚೀಟಿಯಿಂದಲೇ ಅವರಿಗೆ ತಿಳಿಯಬೇಕು. ಚೀಟಿಯಲ್ಲಿ ಹೆಸರೊಂದೇ ಇದ್ದರೆ ಅವರು ಕುರುಡುಗತ್ತಲೆಯಲ್ಲಿ ನಡೆದಂತಾಗುವದು.

ಇದು ಬರಿಯ ಉಪಚಾರದ ಮಾತಲ್ಲ. ಪೆರು ದೇಶದ ಹಾವಿಯೇರ್ ಆರಿಯಾಸ್ ಸ್ತೆಯಾ ಎಂಬ ವೈದ್ಯನು ೧೯೫೪ರಲ್ಲಿ ಒಂದು ವಿಷಯವನ್ನು ತೋರಿಸಿಕೊಟ್ಟನು. ಗರ್ಭ ನಿಂತಾಗ ಗರ್ಭಾಶಯದ ಒಳಪೊರೆಯ ಕೆಲವು ಜೀವಕೋಶಗಳು ಉಬ್ಬಿ, ಅವುಗಳ ತಿರುಳು ಕಪ್ಪೇರಿ, ಅರ್ಬುದದ ಜೀವಕೋಶಗಳಂತೆಯೇ ಕಾಣುವವು. ಆದರೆ ಅದು ರೋಗವಲ್ಲ, ಬಸುರಿನ ಸಹಜ ಪರಿಣಾಮವು. ತಿಂಗಳು ತಪ್ಪಿದ್ದನ್ನು ಒಬ್ಬ ಹೆಣ್ಣುಮಗಳು ನಾಚಿಕೆಯಿಂದಲೋ ಅಂಜಿಕೆಯಿಂದಲೋ ಹೇಳದಿದ್ದರೆ, ಆ ಮೌನವು ಸ್ಲೈಡಿನ ಮೇಲೆ ಅರ್ಬುದವೆಂದು ಓದಲ್ಪಡುವ ಅಪಾಯವುಂಟು. ನಮ್ಮ ಕಡೆಗೆ ಸೊಸೆಯು ದವಾಖಾನೆಗೆ ಹೋದರೆ ಅತ್ತೆಯೋ ಗಂಡನೋ ಅವಳ ಪರವಾಗಿ ಮಾತಾಡುವ ವಾಡಿಕೆಯಿದೆ. ಪ್ರೀತಿಯಿಂದಲೇ ಮಾಡುವದು ನಿಜ. ಆದರೂ ವೈದ್ಯರ ಮುಂದೆ ಅವಳನ್ನು ಸ್ವಲ್ಪ ಹೊತ್ತು ಒಬ್ಬಳನ್ನೇ ಬಿಟ್ಟು ಹೊರಗೆ ಕೂಡುವದು ಅತ್ತೆಯಂದಿರಿಗೂ ಗಂಡಂದಿರಿಗೂ ಶೋಭಿಸುವ ಕೆಲಸವು. ಅವಳ ಬಾಯಿಂದ ಬರುವ ಒಂದು ಮಾತು ಸೂಕ್ಷ್ಮದರ್ಶಕಕ್ಕೆ ಕಾಣದುದನ್ನು ಕಾಣಿಸೀತು.

ಐದನೆಯ ತೊಡಕು: ಕಳುಹದ ಅವಯವ

ಎಲ್ಲಕ್ಕೂ ದೊಡ್ಡ ತೊಡಕನ್ನು ಕಡೆಗೆ ಹೇಳುವೆವು. ಮುಟ್ಟಿನ ತೊಂದರೆಗೆಂದು ಗರ್ಭಚೀಲವನ್ನು ತೆಗೆಸುವದು ನಮ್ಮ ಹಳ್ಳಿಗಳಲ್ಲಿ ಹಲ್ಲು ಕೀಳಿಸಿದಷ್ಟು ಸುಲಭದ ಮಾತಾಗಿಬಿಟ್ಟಿದೆ. ಮಕ್ಕಳಾದವು, ಇನ್ನೇತಕ್ಕೆ ಬೇಕು ಎನ್ನುತ್ತಾರೆ. ಬೇಡದ ಈ ಶಸ್ತ್ರಕ್ರಿಯೆಗಳು ದೇಶದಲ್ಲಿ ಎಷ್ಟು ಹೆಚ್ಚಿದವೆಂದರೆ, ಅವುಗಳನ್ನು ತಡೆಯ ತಕ್ಕ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ೨೦೨೩ರ ಏಪ್ರಿಲಿನಲ್ಲಿ ಸುಪ್ರೀಮ್ ಕೋರ್ಟು ರಾಜ್ಯಗಳಿಗೆ ಆಜ್ಞಾಪಿಸಬೇಕಾಯಿತು. ತೆಗೆಯುವದು ನಿಜವಾಗಿ ಅವಶ್ಯವಿದ್ದಲ್ಲಿಯೂ ಎರಡು ಕೆಲಸಗಳು ತಪ್ಪಬಾರದು. ಶಸ್ತ್ರಕ್ರಿಯೆಗಿಂತ ಮೊದಲು ಗರ್ಭಕಂಠದ ಪರೀಕ್ಷೆಯಾಗಬೇಕು. ಶಸ್ತ್ರಕ್ರಿಯೆಯ ನಂತರ ತೆಗೆದ ಅವಯವವು ಪೆಥಾಲಜಿಗೆ ಹೋಗಬೇಕು. ಮೊದಲೇ ಅರ್ಬುದವಿದ್ದು ಅದು ತಿಳಿಯದೆ ಸಾಮಾನ್ಯ ರೀತಿಯಲ್ಲಿ ಗರ್ಭಾಶಯವನ್ನು ತೆಗೆದರೆ ಆ ಚಿಕಿತ್ಸೆಯು ಅರ್ಧಮರ್ಧವಾಗುವದು. ಅವಯವವನ್ನು ಪರೀಕ್ಷೆಗೆ ಕಳುಹಿದ್ದರೆ ಅದು ವಾರದಲ್ಲಿ ಗೊತ್ತಾಗಿ ಮುಂದಿನ ಚಿಕಿತ್ಸೆ ನಡೆಯುವದು. ಬಾಗಿಲ ಹೊರಗೆ ಕುಳಿತ ನೆಂಟರಿಗೆ ಪಾತ್ರೆಯಲ್ಲಿ ತೋರಿಸಿ ಚೆಲ್ಲಿಬಿಟ್ಟರೆ, ಸಾಕ್ಷಿಯನ್ನೇ ಹೂತಂತಾಯಿತು. ಕೆಲವು ನೂರು ರೂಪಾಯಿಗಳ ಉಳಿತಾಯವೆಂದು ಮನೆಯವರೇ ಪರೀಕ್ಷೆ ಬೇಡವೆನ್ನುವದೂ ಉಂಟು. ಸಾವಿರಾರು ರೂಪಾಯಿ ಕೊಟ್ಟು ತೆಗೆಸಿದುದು ಏನೆಂದು ತಿಳಿಯದೆ ಮನೆಗೆ ಬರುವದು ಎಂಥ ಲೆಕ್ಕಾಚಾರವೋ ವಾಚಕರೇ ಯೋಚಿಸಲಿ.

ಮನೆಯವರ ಕರ್ತವ್ಯ

ಹಾಗಾದರೆ ಗೃಹಸ್ಥನು ಏನು ಮಾಡಬೇಕು? ತುಣುಕು ಅಥವಾ ಅವಯವವು ಪರೀಕ್ಷೆಗೆ ಹೋಗುವದೇ ಎಂದು ಶಸ್ತ್ರಕ್ರಿಯೆಗೆ ಮೊದಲೇ ಕೇಳಬೇಕು. ಸೀಸೆಯನ್ನು ತಾವೇ ಒಯ್ಯಬೇಕಾದರೆ ಅದರಲ್ಲಿರುವದು ಫಾರ್ಮಲಿನ್ನೇ, ಹೆಸರು ಸರಿಯಿದೆಯೇ, ಚೀಟಿ ತುಂಬಿದೆಯೇ ಎಂದು ನೋಡಿ, ಅದೇ ದಿನ ಮುಟ್ಟಿಸಿ, ರಶೀದಿಯನ್ನು ಪಡೆಯಬೇಕು. ಕಾಗದವು ಬಂದ ಮೇಲೆ ಅದನ್ನು ಶಸ್ತ್ರಕ್ರಿಯೆ ಮಾಡಿದ ವೈದ್ಯರಿಗೆ ತೋರಿಸಲೇಬೇಕು. ಹೊಲಿಗೆ ಬಿಚ್ಚಿದೊಡನೆ ಎಲ್ಲ ಮುಗಿಯಿತೆಂದು ಕಾಗದವನ್ನು ತರಲು ಹೋಗದಿರುವವರು ಬಹಳ.

ಹೊಲದ ಉತಾರಗಳನ್ನು ನಾವು ತಲೆಮಾರಿನಿಂದ ತಲೆಮಾರಿಗೆ ಟ್ರಂಕಿನಲ್ಲಿ ಕಾದಿಡುತ್ತೇವೆ. ಬಯಾಪ್ಸಿಯ ಕಾಗದವನ್ನೂ ಅದರ ನಂಬರನ್ನೂ ಅಲ್ಲಿಯೇ ಇಡಲಿ. ಆ ನಂಬರಿನ ಮೇಣದ ಬ್ಲಾಕನ್ನು ಪ್ರಯೋಗಶಾಲೆಯವರು ವರ್ಷಗಟ್ಟಲೆ ಕಾದಿಡುವ ಪದ್ಧತಿಯಿದೆ. ಸಂಶಯವಿದ್ದರೆ ಅದೇ ಬ್ಲಾಕು ಮತ್ತು ಸ್ಲೈಡುಗಳನ್ನು ಕೇಳಿ ಪಡೆದು ದೊಡ್ಡ ಆಸ್ಪತ್ರೆಯಲ್ಲಿ ಎರಡನೆಯವರಿಂದ ಓದಿಸಬಹುದು. ರೋಗಿಯ ಮೈಯನ್ನು ಮತ್ತೆ ಕೊಯ್ಯುವ ಕಾರಣವಿರುವದಿಲ್ಲ. ಹೀಗೆ ಕೇಳುವದರಿಂದ ಮೊದಲಿನ ವೈದ್ಯರಿಗೆ ಅಪಮಾನವಾಗುವದೆಂಬ ಸಂಕೋಚವು ಬೇಡ. ಕಠಿಣವಾದ ಸ್ಲೈಡುಗಳನ್ನು ಅವರು ತಾವೇ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ.

ಇನ್ನು, ತುಣುಕಿನ ವರೆಗೂ ಹೋಗದಂತೆ ನೋಡಿಕೊಳ್ಳುವದು ಎಲ್ಲಕ್ಕೂ ಮೇಲು. ಗರ್ಭಕಂಠದ ಅರ್ಬುದವು ಬರುವ ಮೊದಲು ವರ್ಷಗಟ್ಟಲೆ ಸೂಚನೆಯನ್ನು ಕೊಡುತ್ತದೆ. ಮೂವತ್ತು ದಾಟಿದ ಹೆಂಗಸರ ಗರ್ಭಕಂಠಕ್ಕೆ ತೆಳುವಾದ ಅಸೆಟಿಕ್ ಆಮ್ಲವನ್ನು ಸವರಿ, ಬಿಳುಪೇರಿದ ಭಾಗವನ್ನು ಕಣ್ಣಿನಿಂದ ಗುರುತಿಸುವ ಸುಲಭ ಪರೀಕ್ಷೆಯನ್ನು ಐದು ವರ್ಷಕ್ಕೊಮ್ಮೆ ಮಾಡಬೇಕೆಂದು ಭಾರತ ಸರಕಾರವು ೨೦೧೬ರಲ್ಲಿ ನಿಯಮಿಸಿತು. ವಿಜಯಪುರ, ಕಲಬುರಗಿಗಳ ಆಚೆಗೆ ನಮ್ಮಂಥದೇ ಬಯಲುಸೀಮೆಯಾದ ಮಹಾರಾಷ್ಟ್ರದ ಉಸ್ಮಾನಾಬಾದ ಜಿಲ್ಲೆಯ, ಈಗಿನ ಧಾರಾಶಿವದ, ಹಳ್ಳಿಗಳಲ್ಲಿ ೧,೩೧,೦೦೦ಕ್ಕೂ ಮಿಕ್ಕಿದ ಹೆಂಗಸರನ್ನು ಕೂಡಿಸಿಕೊಂಡು ನಡೆದ ಅಧ್ಯಯನದ ಫಲವು ೨೦೦೯ರಲ್ಲಿ ಪ್ರಕಟವಾಯಿತು. ಎಚ್.ಪಿ.ವಿ. ಪರೀಕ್ಷೆಗೆ ಆರಿಸಿದ ಹಳ್ಳಿಗಳಲ್ಲಿ, ಆ ಒಂದೇ ಸಲದ ಪರೀಕ್ಷೆಯಿಂದ ಈ ರೋಗದ ಮರಣಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಅಲ್ಲಿಯ ಒಕ್ಕಲಗಿತ್ತಿಯರಿಗೆ ಸಾಧ್ಯವಾದುದು ನಮ್ಮವರಿಗೆ ಯಾಕೆ ಸಾಧ್ಯವಾಗಬಾರದು? ಎಳೆಯ ಹುಡುಗಿಯರಿಗೆ ಈ ವಿಷಾಣುವಿನ ಲಸಿಕೆಯೂ ಇದೆ; ಪುಣೆಯಲ್ಲಿ ತಯಾರಾದ ಸ್ವದೇಶದ ಲಸಿಕೆಗೆ ೨೦೨೨ರಲ್ಲಿ ಸರಕಾರದ ಒಪ್ಪಿಗೆ ದೊರೆತಿದೆ.

ರೋಗದ ಹೆಸರನ್ನು ಉಚ್ಚರಿಸಿದರೆ ರೋಗವು ಬರುವದೆಂಬ ಅಂಜಿಕೆಯು ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಅದರಿಂದಲೇ ಹೆಂಗಸರ ನೋವು ಅಡಿಗೆಮನೆಯ ಹೊಸ್ತಿಲನ್ನು ದಾಟದೆ ಉಳಿಯುವದು. ಈ ಲೇಖನವನ್ನು ಓದಿದ ಗೃಹಸ್ಥರು ಇದನ್ನು ಮನೆಯ ತಾಯಂದಿರಿಗೂ ಅಕ್ಕತಂಗಿಯರಿಗೂ ಗಟ್ಟಿಯಾಗಿ ಓದಿ ಹೇಳಲಿ. ಯಾರಿಗಾದರೂ ಹೇಳಲಾಗದ ತೊಂದರೆಯಿದ್ದರೆ ಅದನ್ನು ಸಮಾಧಾನದಿಂದ ಕೇಳಲಿ. ಹಿಂದಿನ ವರ್ಷ ಶಸ್ತ್ರಕ್ರಿಯೆಯಾಗಿ ಇನ್ನೂ ತಾರದೆ ಉಳಿದ ಕಾಗದವು ಯಾರದಾದರೂ ಇದ್ದರೆ, ಬರುವ ಸಂತೆಯ ದಿನವೇ ಹೋಗಿ ಅದನ್ನು ತರಲೆಂದು ಬೇಡಿಕೊಂಡು ಲೇಖನಿಯನ್ನು ಕೆಳಗಿಡುವೆವು.